ನಗರ ಯೋಜನೆಯಲ್ಲಿ ಪಿಎಚ್.ಡಿ.: ಅರ್ಜಿ ಹಾಕುವವರಿಗೆ

ಪ್ರವೇಶ ಸಮಿತಿಯಲ್ಲಿ ಪ್ರತಿ ಅರ್ಜಿಯ ಚರ್ಚೆಯೂ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: "ಇವರಿಗೆ ಗೈಡ್ ಯಾರಾಗುತ್ತೀರಿ?" ಅಂಕಪಟ್ಟಿ ಚೆನ್ನಾಗಿದೆ, ಶಿಫಾರಸು ಪತ್ರಗಳೂ ಗಟ್ಟಿಯಾಗಿವೆ ಎಂದು ಎಲ್ಲರೂ ಒಪ್ಪಿದ ಮೇಲೂ, ಒಬ್ಬ ಅಧ್ಯಾಪಕರಾದರೂ "ನಾನು ಆಗುತ್ತೇನೆ" ಎನ್ನದಿದ್ದರೆ ಅರ್ಜಿ ಪಕ್ಕಕ್ಕೆ ಸರಿಯುತ್ತದೆ. ನಾನು ಹಲವು ಚಳಿಗಾಲಗಳಿಂದ ಇಂಥ ಸಮಿತಿಯಲ್ಲಿ ಕೂತು ಅರ್ಜಿ ಓದುತ್ತಿದ್ದೇನೆ. ಅದಕ್ಕೂ ಮೊದಲು ಒಂದು ಸಾರಿಗೆ ಯೋಜನಾ ಕಚೇರಿಯಲ್ಲಿ ಬಸ್ ಮಾರ್ಗಗಳ ಕೆಲಸ ಮಾಡಿದವಳು, ಹಾಗಾಗಿ ಕಚೇರಿ ಬಿಟ್ಟು ಸಂಶೋಧನೆಗೆ ಬರುವವರ ಕಷ್ಟ ನನಗೆ ಗೊತ್ತು. ಆ ಒಬ್ಬ ಅಧ್ಯಾಪಕರು ಬಾಯಿಬಿಟ್ಟು ಹೌದು ಎನ್ನುವಂತೆ ಅರ್ಜಿ ಸಿದ್ಧಪಡಿಸುವುದು ಹೇಗೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ವಿಷಯ ತೀರ್ಮಾನವಾಗಲಿ. ಯೋಜಕರಾಗಿ ಕೆಲಸ ಮಾಡಲು, ಬಡ್ತಿ ಪಡೆಯಲು, ಸಲಹಾ ಸಂಸ್ಥೆ ಸೇರಲು ಯೋಜನೆಯಲ್ಲಿ ಸ್ನಾತಕೋತ್ತರ ಪದವಿ ಸಾಕು. ಪಿಎಚ್.ಡಿ. ಎನ್ನುವುದು ಸಂಶೋಧನೆಯ ತರಬೇತಿ. ಅಮೆರಿಕದಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷ, ಬ್ರಿಟನ್ನಿನಲ್ಲಿ ಮೂರರಿಂದ ನಾಲ್ಕು ವರ್ಷ ಒಂದೇ ಪ್ರಶ್ನೆಯ ಜೊತೆ ಬದುಕಬೇಕಾಗುತ್ತದೆ. ಪಾಠ ಮಾಡುವ, ಸಂಶೋಧನೆ ನಡೆಸುವ, ನೀತಿಯ ಹಿಂದಿನ ಪುರಾವೆ ಹುಡುಕುವ ಆಸೆ ಇದ್ದರೆ ಮುಂದಕ್ಕೆ ಓದಿ.

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವುದು ಪ್ರಶ್ನೆ. ಯೋಜನಾ ಕ್ಷೇತ್ರದಿಂದ ಬಂದವರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಕಚೇರಿಯಲ್ಲಿ ನಮ್ಮನ್ನು "ಏನು ಮಾಡಬೇಕು?" ಎಂದು ಕೇಳುತ್ತಾರೆ, ನಾವು ಉತ್ತರ ಕೊಡುತ್ತೇವೆ. ಸಂಶೋಧಕರು ಕೇಳಬೇಕಾದದ್ದು "ಹೀಗೇಕೆ ಆಗುತ್ತದೆ?" ಎಂದು. ಬಸ್ಸಿಗೆ ಪ್ರತ್ಯೇಕ ಪಥ ಬೇಕು ಎನ್ನುವುದು ಶಿಫಾರಸು. ಒಂದೇ ನಗರದಲ್ಲಿ, ಒಂದೇ ನೀತಿಯಡಿ, ಕೆಲವು ರಸ್ತೆಗಳಿಗೆ ಆ ಪಥ ಬಂತು, ಇನ್ನು ಕೆಲವಕ್ಕೆ ಹತ್ತು ವರ್ಷವಾದರೂ ಬರಲಿಲ್ಲ ಏಕೆ ಎನ್ನುವುದು ಸಂಶೋಧನೆಯ ಪ್ರಶ್ನೆ. ನಾನು ಅರ್ಜಿ ಹಾಕಿದ್ದು ಈ ಎರಡನೆಯ ಪ್ರಶ್ನೆ ಹಿಡಿದುಕೊಂಡೇ.

ಒಂದು ಉದಾಹರಣೆ ನೋಡೋಣ. ಕರಡು ಓದಿ ಎಂದು ಕಳಿಸಿದ ಒಬ್ಬ ಹುಡುಗಿಯ ಮೊದಲ ಸಾಲು ಹೀಗಿತ್ತು: "ಸುಸ್ಥಿರ ಸಾರಿಗೆ ಮತ್ತು ಸಾಮಾಜಿಕ ನ್ಯಾಯದ ಬಗ್ಗೆ ಸಂಶೋಧನೆ ಮಾಡಲು ಬಯಸುತ್ತೇನೆ." ಇದು ಯಾರೂ ಬೇಡವೆನ್ನದ ವಿಷಯ, ಆದರೆ ಯಾರೂ ಗೈಡ್ ಆಗಲಾರದಷ್ಟು ದೊಡ್ಡದು. ನಿಜವಾಗಿ ನಿನ್ನನ್ನು ಕಾಡುವುದು ಏನು ಎಂದು ಕೇಳಿದೆ. ಮೆಟ್ರೊ ನಿಲ್ದಾಣ ಬಂದ ಮೇಲೆ ಬಾಡಿಗೆ ಏರಿ ಜನ ಖಾಲಿ ಮಾಡುವುದು ಅಂದಳು. ರೈಲು ನಿಲ್ದಾಣದ ಸುತ್ತ ಭೂಮಿ ಮತ್ತು ಮನೆಗಳ ಬೆಲೆ ಏರುತ್ತದೆ ಎಂದು ಹಲವು ನಗರಗಳ ಅಧ್ಯಯನಗಳು ಆಗಲೇ ತೋರಿಸಿವೆ. ಹಾಗಾದರೆ ತಿಳಿಯದೇ ಉಳಿದಿರುವುದು ಏನು? ಯಾರು ಹೊರಟರು, ಎಲ್ಲಿಗೆ ಹೋದರು ಎಂಬುದು. ಮನೆ ಬಿಟ್ಟವರು ಆ ಬಡಾವಣೆಯ ಸಮೀಕ್ಷೆಯಿಂದಲೂ ಹೊರಗೆ ಹೋಗಿರುತ್ತಾರೆ. ಉಳಿದವರನ್ನಷ್ಟೇ ಕೇಳಿ ಬರೆದ ವರದಿಯಲ್ಲಿ ಎಲ್ಲರೂ ನೆಮ್ಮದಿಯಾಗಿರುವಂತೆ ಕಾಣುತ್ತದೆ. ಈ ತೊಡಕನ್ನು ಕಂಡುಕೊಂಡ ಕೂಡಲೇ ಅವಳಿಗೆ ಪ್ರಶ್ನೆ ಸಿಕ್ಕಿತು. ಕೊನೆಯ ಕರಡಿನಲ್ಲಿ ಅವಳು ಬರೆದದ್ದು: "ಹೊಸ ನಿಲ್ದಾಣದ ಸುತ್ತಲಿನ ಬಾಡಿಗೆದಾರರಲ್ಲಿ ಯಾರು ಮೊದಲು ಹೊರಡುತ್ತಾರೆ? ಲಿಖಿತ ಕರಾರು ಇದ್ದವರಿಗೂ ಬಾಯಿಮಾತಿನ ಒಪ್ಪಂದದಲ್ಲಿ ಇದ್ದವರಿಗೂ ಇದರಲ್ಲಿ ವ್ಯತ್ಯಾಸವಿದೆಯೇ?" ಇದನ್ನು ಓದಿದ ವಸತಿ ನೀತಿಯ ಅಧ್ಯಾಪಕರಿಗೆ ಕೆಲಸ ಎಲ್ಲಿಂದ ಶುರುವಾಗುತ್ತದೆ, ಯಾವ ದತ್ತಾಂಶ ಬೇಕು, ತಾನು ಎಲ್ಲಿ ನೆರವಾಗಬಹುದು ಎಂದು ಒಂದೇ ಓದಿಗೆ ತಿಳಿಯುತ್ತದೆ.

ನಿಮ್ಮ ಪ್ರಶ್ನೆಯನ್ನೂ ಹೀಗೆಯೇ ಜಗ್ಗಿ ನೋಡಿ. ಈಗಾಗಲೇ ಏನು ಗೊತ್ತಿದೆ? ಎಲ್ಲಿ ಕತ್ತಲಿದೆ? ಉತ್ತರ ಹುಡುಕಲು ಯಾವ ದಾಖಲೆ, ಯಾವ ಸಂದರ್ಶನ, ಯಾವ ನಕ್ಷೆ ಸಿಗುತ್ತದೆ? ನಿಮ್ಮ ಊಹೆ ಸುಳ್ಳಾದರೆ ಅದು ನಿಮಗೆ ತಿಳಿಯುವುದು ಹೇಗೆ? ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ನಿಮ್ಮ ಕೈಯಲ್ಲಿರುವುದು ಇನ್ನೂ ಅಭಿಪ್ರಾಯ ಮಾತ್ರ. ಸೇರಿದ ಮೇಲೆ ಪ್ರಶ್ನೆ ಬದಲಾಗಬಹುದು, ಬಹಳ ಜನರಿಗೆ ಬದಲಾಗುತ್ತದೆ. ಒಂದು ಪ್ರಶ್ನೆಯನ್ನು ಆ ಹದಕ್ಕೆ ತರಬಲ್ಲವರು ನೀವು ಎಂದು ಸಮಿತಿಗೆ ಕಂಡರೆ ಸಾಕು.

ಇನ್ನು ಎಲ್ಲಿ ಹುಡುಕಬೇಕು ಎಂಬುದು. ಈ ಶಾಸ್ತ್ರಕ್ಕೆ ಎರಡು ಬೇರುಗಳಿವೆ. 1909ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಶುರುವಾದ ನಗರ ವಿನ್ಯಾಸ ವಿಭಾಗ ವಾಸ್ತುಶಿಲ್ಪದ ನೆರಳಿನಲ್ಲಿ ಬೆಳೆಯಿತು. 1947ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಶುರುವಾದ ಕಾರ್ಯಕ್ರಮ ಯೋಜನೆಯನ್ನು ಸಮಾಜವಿಜ್ಞಾನವಾಗಿ ಕಲಿಸಿತು. ಅದು ಹತ್ತು ವರ್ಷವೂ ಬಾಳಲಿಲ್ಲ, ಆದರೆ ಅಲ್ಲಿಂದ ಹೊರಬಂದವರು ಮುಂದೆ ಎಷ್ಟೋ ವಿಭಾಗಗಳನ್ನು ರೂಪಿಸಿದರು. ಈ ಎರಡು ವಂಶಗಳ ಗುರುತು ಇಂದಿಗೂ ಇದೆ. ಅಮೆರಿಕದ ಎಂಐಟಿ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳಲ್ಲಿ ಯೋಜನಾ ವಿಭಾಗ ವಾಸ್ತುಶಿಲ್ಪದವರ ಜೊತೆಗೆ ಒಂದೇ ಶಾಲೆಯಡಿ ಇದೆ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಮತ್ತು ಯುಎಸ್‌ಸಿಗಳಲ್ಲಿ ಅದು ಸಾರ್ವಜನಿಕ ನೀತಿಯ ಶಾಲೆಯೊಳಗಿದೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಭೂಗೋಳ ವಿಭಾಗದೊಳಗೆ ಸಿಗುತ್ತದೆ. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಮತ್ತು ನಿರ್ಮಿತ ಪರಿಸರದ ನಿಕಾಯದಲ್ಲಿದೆ. ಆದ್ದರಿಂದ "ನಗರ ಯೋಜನೆ" ಎಂಬ ಹೆಸರನ್ನಷ್ಟೇ ಹುಡುಕಬೇಡಿ. ಸಾರಿಗೆ ಮಾದರಿಗಳ ಪ್ರಶ್ನೆಗೆ ಸಿವಿಲ್ ಎಂಜಿನಿಯರಿಂಗ್, ಭೂಮಿ ಬೆಲೆಯ ಪ್ರಶ್ನೆಗೆ ನಗರ ಅರ್ಥಶಾಸ್ತ್ರ, ಕೊಳೆಗೇರಿ ತೆರವಿನ ಪ್ರಶ್ನೆಗೆ ಭೂಗೋಳ ವಿಭಾಗ ಹೆಚ್ಚು ಹೊಂದಬಹುದು.

ವಿಭಾಗಕ್ಕಿಂತ ಮೊದಲು ವ್ಯಕ್ತಿಗಳನ್ನು ಹುಡುಕಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೀವು ಮೆಚ್ಚಿ ಓದಿದ ಲೇಖನಗಳನ್ನು ಬರೆದವರು ಈಗ ಎಲ್ಲಿದ್ದಾರೆ ನೋಡಿ. ಅಮೆರಿಕದ ಯೋಜನಾ ಶಾಲೆಗಳ ಒಕ್ಕೂಟ ಎಸಿಎಸ್‌ಪಿ, ಯುರೋಪಿನ ಒಕ್ಕೂಟ ಎಸಾಪ್, ಎರಡೂ ಪ್ರತಿವರ್ಷ ಸಮ್ಮೇಳನ ನಡೆಸುತ್ತವೆ. ಅವುಗಳ ಕಾರ್ಯಕ್ರಮ ಪಟ್ಟಿ ಸಿಕ್ಕರೆ ಬಿಡಬೇಡಿ. ಪತ್ರಿಕೆಯಲ್ಲಿ ಅಚ್ಚಾದ ಲೇಖನ ಕೆಲವು ವರ್ಷಗಳ ಹಿಂದಿನ ಕೆಲಸ, ಸಮ್ಮೇಳನದ ಸಾರಾಂಶ ಇವತ್ತಿನದು. ಯಾವ ಅಧ್ಯಾಪಕರ ವಿದ್ಯಾರ್ಥಿಗಳು ಏನು ಮಂಡಿಸುತ್ತಿದ್ದಾರೆ ಎಂಬುದೂ ಅಲ್ಲೇ ಕಾಣುತ್ತದೆ. ನಿವೃತ್ತರಾಗಿ ಗೌರವ ಪ್ರಾಧ್ಯಾಪಕರಾದವರು ಸಾಮಾನ್ಯವಾಗಿ ಹೊಸಬರಿಗೆ ಮುಖ್ಯ ಗೈಡ್ ಆಗುವುದಿಲ್ಲ, ಇದನ್ನು ಮೊದಲೇ ನೋಡಿಕೊಳ್ಳಿ. ನಿಮ್ಮ ವಿಷಯಕ್ಕೆ ಹತ್ತಿರದ ಒಬ್ಬರೇ ಇರುವ ವಿಭಾಗಕ್ಕಿಂತ ಇಬ್ಬರು ಮೂವರು ಇರುವ ವಿಭಾಗ ಕ್ಷೇಮ. ಒಬ್ಬರು ಕೆಲಸ ಬಿಟ್ಟು ಹೋದರೂ ನೀವು ಅನಾಥರಾಗುವುದಿಲ್ಲ.

ದೇಶದಿಂದ ದೇಶಕ್ಕೆ ಪದ್ಧತಿಯೂ ಬೇರೆ. ಅಮೆರಿಕದಲ್ಲಿ ವಿಭಾಗಕ್ಕೆ ಅರ್ಜಿ ಹಾಕುತ್ತೀರಿ, ಮೊದಲ ಎರಡು ವರ್ಷ ತರಗತಿ, ಆಮೇಲೆ ಅರ್ಹತಾ ಪರೀಕ್ಷೆ, ಆಮೇಲೆ ಪ್ರಬಂಧ. ಬ್ರಿಟನ್ನಿನಲ್ಲಿ ಪೂರ್ಣ ಸಂಶೋಧನಾ ಪ್ರಸ್ತಾವ ಬರೆದು, ಗೈಡ್ ಒಪ್ಪಿಗೆಯನ್ನು ಬಹುತೇಕ ಮೊದಲೇ ಪಡೆದಿರಬೇಕು. ನೆದರ್‌ಲ್ಯಾಂಡ್ಸ್ ಮತ್ತು ನಾರ್ಡಿಕ್ ದೇಶಗಳಲ್ಲಿ ಪಿಎಚ್.ಡಿ. ಹೆಚ್ಚಾಗಿ ಸಂಬಳದ ಹುದ್ದೆ, ಜಾಹೀರಾತು ಬಂದಾಗ ಕೆಲಸಕ್ಕೆ ಹಾಕುವಂತೆ ಅರ್ಜಿ ಹಾಕುತ್ತೀರಿ, ವಿಷಯವನ್ನೂ ಹಲವು ಸಲ ಆ ಸಂಶೋಧನಾ ಪ್ರಾಜೆಕ್ಟಿನವರೇ ನಿಗದಿ ಮಾಡಿರುತ್ತಾರೆ. ಯುರೋಪಿನ ಇಂಥ ಹುದ್ದೆಗಳು ಯುರಾಕ್ಸೆಸ್ ತಾಣದಲ್ಲಿ ಬರುತ್ತವೆ. ಹಾಂಗ್‌ಕಾಂಗ್ 2009ರಿಂದ ತನ್ನದೇ ಪಿಎಚ್.ಡಿ. ಫೆಲೋಶಿಪ್ ನಡೆಸುತ್ತಿದೆ, ಅದಕ್ಕೆ ಪ್ರವೇಶದ ಅರ್ಜಿಯ ಜೊತೆಗೆ ಬೇರೆ ಅರ್ಜಿಯೂ ಬೇಕು.

ಅಧ್ಯಾಪಕರಿಗೆ ಇಮೇಲ್ ಬರೆಯುವ ಮುನ್ನ ಅವರ ಪುಟ ಓದಿ, ಕೆಲವರು ಬರೆಯಬೇಡಿ ಎಂದೇ ಹಾಕಿರುತ್ತಾರೆ. ಬರೆಯುವುದಾದರೆ ಒಂದು ಪರದೆಗೆ ಮೀರದಿರಲಿ. ನೀವು ಯಾರು ಎಂದು ಒಂದು ಸಾಲು, ನಿಮ್ಮ ಪ್ರಶ್ನೆ ಎರಡು ಸಾಲು, ಅವರ ಯಾವ ಕೆಲಸ ನಿಮ್ಮ ಯೋಚನೆಯನ್ನು ಎಲ್ಲಿ ತಿರುಗಿಸಿತು ಎಂದು ಎರಡು ಸಾಲು, ಬರುವ ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ ಎಂಬ ಪ್ರಶ್ನೆ, ಜೊತೆಗೆ ಸಿವಿ. "ನಿಮ್ಮ ಅಮೋಘ ಸಂಶೋಧನೆಯಿಂದ ಪ್ರಭಾವಿತನಾಗಿದ್ದೇನೆ" ಎಂದು ನೂರು ಜನರಿಗೆ ಒಂದೇ ಪತ್ರ ಹೋದರೆ ಅದು ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ. ಎರಡು ವಾರ ಉತ್ತರ ಬರದಿದ್ದರೆ ಇನ್ನೊಮ್ಮೆ ನೆನಪಿಸಿ, ಆಮೇಲೆ ಬಿಡಿ. ಉತ್ತರ ಬಂದಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ಹಾಕದೆ ಇರಬೇಡಿ.

ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಅಂದರೆ ಏನು ಸಂಶೋಧಿಸಬೇಕೆಂದಿದ್ದೀರಿ, ಏಕೆ ಎಂದು ತಿಳಿಸುವ ಹೇಳಿಕೆ, ಸಾಮಾನ್ಯವಾಗಿ ಎರಡು ಪುಟ. ಬಾಲ್ಯದಿಂದ ನಗರಗಳೆಂದರೆ ಪ್ರೀತಿ ಎಂದು ಶುರುವಾಗುವ ಹೇಳಿಕೆಗಳು ನಮಗೆ ಪ್ರತಿ ಚಳಿಗಾಲ ಬರುತ್ತವೆ. ಆ ಪ್ರೀತಿ ನಿಜವೇ ಇರಬಹುದು, ಆದರೆ ಗೈಡ್ ಆಗಬೇಕಾದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಮೊದಲ ಪ್ಯಾರಾದಲ್ಲೇ ಪ್ರಶ್ನೆ ಇಡಿ. ಆಮೇಲೆ ಆ ಪ್ರಶ್ನೆ ನಿಮಗೆ ಹುಟ್ಟಿದ ಕೆಲಸ. ಕಚೇರಿಯ ಅನುಭವ ಇದ್ದವರಿಗೆ ಇದೇ ದೊಡ್ಡ ಬಂಡವಾಳ. "ಮಾಸ್ಟರ್ ಪ್ಲಾನ್ ತಂಡದಲ್ಲಿದ್ದೆ" ಎಂದು ನಿಲ್ಲಿಸದೆ, ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ, ಅಂದರೆ ಉದ್ಯಾನ ಅಥವಾ ಬಯಲೆಂದು ತೋರಿಸಿದ ಜಾಗದಲ್ಲಿ ಜನ ವಾಸವಿದ್ದದ್ದನ್ನು ಕಂಡು ಯಾವ ಅನುಮಾನ ಹುಟ್ಟಿತು ಎಂದು ಬರೆಯಿರಿ. ನಂತರ ವಿಧಾನ: ಸಂದರ್ಶನವೋ, ಜಿಐಎಸ್‌ (ಕಂಪ್ಯೂಟರ್ ನಕ್ಷೆಗಳ) ವಿಶ್ಲೇಷಣೆಯೋ, ಕಡತಗಳ ಓದೋ, ಸಂಖ್ಯಾಶಾಸ್ತ್ರವೋ. ಇದರಲ್ಲಿ ನಿಮಗೆ ಬರುವುದೆಷ್ಟು, ಕಲಿಯಬೇಕಾದದ್ದೆಷ್ಟು ಎಂದು ನೇರವಾಗಿ ಹೇಳಿ. ಕೊನೆಯ ಪ್ಯಾರಾ ಪ್ರತಿ ವಿಭಾಗಕ್ಕೂ ಹೊಸದಾಗಿ ಬರೆದದ್ದಾಗಿರಬೇಕು. ಅಧ್ಯಾಪಕರ ಹೆಸರುಗಳನ್ನು ಪಟ್ಟಿ ಮಾಡಿದರೆ ಆಗದು, ಅವರ ಕೆಲಸದ ಜೊತೆ ನಿಮ್ಮ ಪ್ರಶ್ನೆ ಎಲ್ಲಿ ಕೂಡುತ್ತದೆ ಎಂದು ತೋರಿಸಬೇಕು.

ಬರಹದ ಮಾದರಿಯಾಗಿ ತಂಡ ಬರೆದ ಯೋಜನಾ ವರದಿ ಕಳಿಸಬೇಡಿ. ಅದರಲ್ಲಿ ನಿಮ್ಮ ಬುದ್ಧಿ ಎಲ್ಲಿದೆ ಎಂದು ನಮಗೆ ತಿಳಿಯದು. ಸ್ನಾತಕೋತ್ತರ ಪ್ರಬಂಧದ ಒಂದು ಅಧ್ಯಾಯ ಒಳ್ಳೆಯದು. ಅದೂ ಇಲ್ಲದವರು, ಮಾಡಿದ ಕೆಲಸದ ಒಂದು ತುಣುಕನ್ನು ತೆಗೆದುಕೊಂಡು ವಾದ, ಪುರಾವೆ, ಉಲ್ಲೇಖಗಳೊಂದಿಗೆ ಸ್ವತಃ ಬರೆದ ಲೇಖನವಾಗಿ ಮಾಡಿ. ಅದಕ್ಕೆ ಎರಡು ತಿಂಗಳು ಹಿಡಿದರೂ ನಷ್ಟವಿಲ್ಲ. ಸುಂದರ ನಕ್ಷೆಗಳ ಪೋರ್ಟ್‌ಫೋಲಿಯೊವನ್ನು ಕೇಳಿದ ಕಡೆ ಮಾತ್ರ ಕೊಡಿ.

ಶಿಫಾರಸು ಪತ್ರ ಸಾಮಾನ್ಯವಾಗಿ ಮೂರು. ಎರಡಾದರೂ ನಿಮ್ಮ ಬರವಣಿಗೆ ಓದಿದ ಅಧ್ಯಾಪಕರಿಂದ ಬರಲಿ. ಮೂರನೆಯದನ್ನು ಕಚೇರಿಯ ಹಿರಿಯರಿಂದ ಪಡೆಯುವುದಾದರೆ ಏನು ಬರೆಯಬೇಕೆಂದು ಅವರಿಗೆ ನೆನಪಿಸಬೇಕಾಗುತ್ತದೆ. ಶಿಸ್ತಿನವರು, ಸಮಯಕ್ಕೆ ಬರುತ್ತಾರೆ ಎಂಬ ಪತ್ರದಿಂದ ಪ್ರಯೋಜನ ಕಡಿಮೆ. "ಸರ್, ಆ ಬಸ್ ನಿಲ್ದಾಣಗಳ ಲೆಕ್ಕದಲ್ಲಿ ನಾನು ಕಂಡುಹಿಡಿದ ತಪ್ಪಿನ ಬಗ್ಗೆ ಬರೆಯುತ್ತೀರಾ?" ಎಂದು ಕೇಳಲು ಸಂಕೋಚ ಬೇಡ. ಕೊನೆಯ ದಿನಾಂಕಕ್ಕೆ ಆರು ವಾರ ಮುಂಚೆ ಕೇಳಿ. ಸಿವಿ, ಹೇಳಿಕೆಯ ಕರಡು, ವಿಭಾಗಗಳ ಮತ್ತು ದಿನಾಂಕಗಳ ಪಟ್ಟಿ ಒಟ್ಟಿಗೆ ಕೊಡಿ.

ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉನ್ನತ ಪದವಿಗಳ ಪ್ರವೇಶ ಪರೀಕ್ಷೆಯಾದ ಜಿಆರ್‌ಇಯನ್ನು ಅನೇಕ ವಿಭಾಗಗಳು ಕೈಬಿಟ್ಟಿವೆ, ಇನ್ನೂ ಕೇಳುವವು ತಮ್ಮ ವೆಬ್ ಪುಟದಲ್ಲಿ ಬರೆದಿರುತ್ತವೆ. ಇಂಗ್ಲಿಷ್ ಭಾಷಾ ಪರೀಕ್ಷೆಗಳಾದ ಟೋಫೆಲ್, ಐಇಎಲ್‌ಟಿಎಸ್ ಅಂಕಗಳಿಗೆ ಎರಡು ವರ್ಷ ಮಾನ್ಯತೆ. ಅಮೆರಿಕದ ಕೊನೆಯ ದಿನಾಂಕಗಳು ಹೆಚ್ಚಾಗಿ ಡಿಸೆಂಬರ್ ಮೊದಲ ದಿನಗಳಿಂದ ಜನವರಿ ಮಧ್ಯದವರೆಗೆ ಬರುತ್ತವೆ. ಹಾಗಾಗಿ ಓದು ಜೂನ್‌ನಲ್ಲಿ, ಇಮೇಲ್ ಆಗಸ್ಟ್ ಸೆಪ್ಟೆಂಬರ್‌ನಲ್ಲಿ, ಕರಡುಗಳು ಅಕ್ಟೋಬರ್‌ನಲ್ಲಿ ಎಂದು ಇಟ್ಟುಕೊಳ್ಳಿ. ಅರ್ಜಿ ಶುಲ್ಕ ಭಾರವಾದರೆ ವಿನಾಯಿತಿ ಕೇಳಿ, ಹಲವು ಕಡೆ ಇದೆ.

ಹಣದ ಬಗ್ಗೆ ನನ್ನ ಮಾತು ಖಡಾಖಂಡಿತ: ಹಣವಿಲ್ಲದ ಸೀಟಿಗೆ ಹೋಗಬೇಡಿ. ಅಮೆರಿಕದಲ್ಲಿ ಪೂರ್ಣ ನೆರವು ಎಂದರೆ ಶುಲ್ಕ ಮನ್ನಾ, ಸ್ಟೈಪೆಂಡ್, ಆರೋಗ್ಯ ವಿಮೆ ಮೂರೂ ಸೇರಿ. ಎಷ್ಟು ವರ್ಷಕ್ಕೆ ಖಾತರಿ, ಬೇಸಿಗೆ ತಿಂಗಳುಗಳಲ್ಲಿ ಕೊಡುತ್ತಾರೆಯೇ, ಬದಲಿಗೆ ವಾರಕ್ಕೆ ಎಷ್ಟು ಗಂಟೆ ಬೋಧನಾ ಸಹಾಯ ಮಾಡಬೇಕು ಎಂದು ಬರಹದಲ್ಲೇ ಕೇಳಿ ಪಡೆಯಿರಿ. ಬ್ರಿಟನ್ನಿನಲ್ಲಿ ಪ್ರವೇಶ ಸಿಕ್ಕಿದ್ದಕ್ಕೂ ಹಣ ಸಿಕ್ಕಿದ್ದಕ್ಕೂ ಸಂಬಂಧವಿಲ್ಲ. ವಿದ್ಯಾರ್ಥಿವೇತನದ ದಿನಾಂಕ ಪ್ರವೇಶದ ದಿನಾಂಕಕ್ಕಿಂತ ತಿಂಗಳುಗಟ್ಟಲೆ ಮುಂಚೆಯೇ ಮುಗಿದಿರಬಹುದು. ಅರ್ಹರಾದವರು ಇದೊಂದು ಗೊತ್ತಿಲ್ಲದೆ ಒಂದು ವರ್ಷ ಕಳೆದುಕೊಳ್ಳುವುದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಸಂದರ್ಶನಕ್ಕೆ ಕರೆದರೆ ನಿಮ್ಮ ಹೇಳಿಕೆಯನ್ನೇ ಮುಂದಿಟ್ಟುಕೊಂಡು ಕೇಳುತ್ತಾರೆ. ಈ ದತ್ತಾಂಶ ಸಿಗದಿದ್ದರೆ ಏನು ಮಾಡುತ್ತೀರಿ ಎಂಬುದು ನಾನು ತಪ್ಪದೆ ಕೇಳುವ ಪ್ರಶ್ನೆ. ನೀವೂ ಕೇಳಿ: ನಿಮ್ಮ ಬಳಿ ಈಗ ಎಷ್ಟು ವಿದ್ಯಾರ್ಥಿಗಳಿದ್ದಾರೆ, ಮುಗಿಸಲು ಎಷ್ಟು ವರ್ಷ ತೆಗೆದುಕೊಂಡರು, ಮುಗಿಸಿ ಎಲ್ಲಿಗೆ ಹೋದರು. ಇದೇ ಪ್ರಶ್ನೆಗಳನ್ನು ಆ ಗೈಡ್ ಹತ್ತಿರ ಈಗ ಓದುತ್ತಿರುವವರಿಗೂ, ಅರ್ಧಕ್ಕೆ ಬಿಟ್ಟವರು ಸಿಕ್ಕರೆ ಅವರಿಗೂ ಕೇಳಿ. ಅವರ ಕರಡುಗಳನ್ನು ಗೈಡ್ ಎಷ್ಟು ದಿನದಲ್ಲಿ ಓದಿ ಕೊಡುತ್ತಾರೆ ಎಂಬ ಒಂದು ಉತ್ತರದಿಂದ ತುಂಬ ವಿಷಯ ತಿಳಿಯುತ್ತದೆ.

ವಿಭಾಗವೊಂದು ವರ್ಷಕ್ಕೆ ತೆಗೆದುಕೊಳ್ಳುವುದು ಸಾಮಾನ್ಯವಾಗಿ ಬೆರಳೆಣಿಕೆಯ ಜನರನ್ನು. ನಿಮ್ಮ ವಿಷಯದ ಅಧ್ಯಾಪಕರು ಆ ವರ್ಷ ರಜೆಯಲ್ಲಿದ್ದರೂ ಸಾಕು, ಒಳ್ಳೆಯ ಅರ್ಜಿ ಹಿಂದಕ್ಕೆ ಬರುತ್ತದೆ. ಮರುವರ್ಷ ಅದೇ ವಿಭಾಗಕ್ಕೆ ಹಾಕಲು ಹಿಂಜರಿಯಬೇಡಿ, ಗಟ್ಟಿಯಾದ ಬರಹದ ಮಾದರಿಯೊಂದಿಗೆ ಮರಳಿ ಬಂದವರನ್ನು ನಾವು ಸೇರಿಸಿಕೊಂಡಿದ್ದೇವೆ.

ಒಂದಕ್ಕಿಂತ ಹೆಚ್ಚು ಕಡೆ ಸೀಟು ಸಿಕ್ಕರೆ ಅವಸರ ಬೇಡ. ಅಮೆರಿಕದ ಗ್ರ್ಯಾಜುಯೇಟ್ ಶಾಲೆಗಳ ಮಂಡಳಿಯ ಒಪ್ಪಂದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಆರ್ಥಿಕ ನೆರವಿನ ಆಹ್ವಾನಕ್ಕೆ ಏಪ್ರಿಲ್ 15ಕ್ಕಿಂತ ಮೊದಲು ಉತ್ತರ ಕೊಡಲೇಬೇಕೆಂದು ನಿಮ್ಮನ್ನು ಕಟ್ಟಿಹಾಕುವಂತಿಲ್ಲ. ಆದರೆ ಹೋಗುವುದಿಲ್ಲ ಎಂದು ಖಚಿತವಾದ ಕಡೆಗೆ ಅಂದೇ ತಿಳಿಸಿಬಿಡಿ, ಕಾಯುವ ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಆ ಹಣ ಹೋಗುತ್ತದೆ. ಪತ್ರ ಬರೆದುಕೊಟ್ಟ ಮೂವರಿಗೂ ಎಲ್ಲಿ ಸೇರಿದಿರಿ ಎಂದು ಬರೆಯಿರಿ.