ಓವರ್ ಕೊಟ್ಟ ಮೇಲಿನ ಇಪ್ಪತ್ತು ನಿಮಿಷ

ವಾರ್ಡಿನ ಒತ್ತಡದಲ್ಲಿ ಬಳಲುವ ನರ್ಸಿಂಗ್ ವಿದ್ಯಾರ್ಥಿಗಳ ಮನಸ್ಸು ಹಗುರಾಗಿಸಲು ಅವರ ಶಿಕ್ಷಕರಾದ ನಾವು ಏನೇನು ಮಾಡಿ ನೋಡಿದೆವು ಎಂಬುದನ್ನು ಬರೆಯುತ್ತಿದ್ದೇನೆ. ಮೊದಲು ಹಣ ದಂಡವಾದ ಕಥೆ ಹೇಳುತ್ತೇನೆ. ಎರಡನೇ ವರ್ಷದ ಬಿ.ಎಸ್ಸಿ. ನರ್ಸಿಂಗ್ ಮಕ್ಕಳು ಒಬ್ಬೊಬ್ಬರಾಗಿ ರಜೆ ಹಾಕಿ ಊರಿಗೆ ಹೋಗತೊಡಗಿದಾಗ ನಾವು ಭಾಷಣಕಾರರೊಬ್ಬರನ್ನು ಕರೆಸಿದೆವು. ಸುಮಾರು ಎಂಟು ಸಾವಿರ ರೂಪಾಯಿ. ಮಕ್ಕಳು ಹಿಂದಿನ ಸಾಲಿನಲ್ಲಿ ಕೇರ್ ಪ್ಲಾನ್ (ರೋಗಿಯ ಆರೈಕೆಯ ಗುರಿ ಮತ್ತು ಕ್ರಮಗಳ ಬರಹ) ಬರೆಯುತ್ತ ಕುಳಿತಿದ್ದರು. ಆಮೇಲೆ ಬೆಳಗಿನ ಐದೂವರೆಗೆ ಯೋಗ. ಚಾಪೆಗಳಿಗೇ ಆರೇಳು ಸಾವಿರ ಹೋಯಿತು. ಏಳೂವರೆಗೆ ವಾರ್ಡಿನಲ್ಲಿರಬೇಕಾದವರ ನಿದ್ದೆಯಲ್ಲಿ ಇನ್ನೊಂದು ಗಂಟೆ ಕಿತ್ತುಕೊಂಡಿದ್ದೆವು. ಸಲಹೆ ಪೆಟ್ಟಿಗೆಯಲ್ಲಿ ಒಂದು ಚೀಟಿಯೂ ಬೀಳಲಿಲ್ಲ. ದಿನವೂ ರೆಕಾರ್ಡ್ ತಿದ್ದುವ ನಮಗೆ ಯಾರ ಅಕ್ಷರ ಯಾರದೆಂದು ಗೊತ್ತಿರುತ್ತದೆಯಲ್ಲ!

ನನ್ನ ಕಣ್ಣು ತೆರೆಸಿದ್ದು ಒಬ್ಬ ಹುಡುಗಿ. ಮೆಡಿಕಲ್ ವಾರ್ಡಿನಲ್ಲಿ ಅವಳ ರೋಗಿ ಬೆಳಿಗ್ಗೆ ತೀರಿಕೊಂಡಿದ್ದರು. ಮರುದಿನ ಸಹಿಗೆ ಕೊಡಬೇಕಾದ ಕೇರ್ ಪ್ಲಾನ್ ಹಿಡಿದು ಬಂದು, "ಮೇಡಂ, ಅವರು ಹೋಗಿಬಿಟ್ಟರು. ಗೋಲ್ ಎಂದು ಏನು ಬರೆಯಲಿ?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಆ ವಾರವೇ ಶುರು ಮಾಡಿದೆ. ಎರಡು ಗಂಟೆಗೆ ಓವರ್ ಕೊಟ್ಟ ಮೇಲೆ, ಅಂದರೆ ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸಿದ ಮೇಲೆ, ಇಪ್ಪತ್ತು ನಿಮಿಷ ಒಟ್ಟಿಗೆ ಕೂತು ಮಾತಾಡುವುದು. ಅಂಕವಿಲ್ಲ, ರೆಕಾರ್ಡ್ ಇಲ್ಲ. ಚಹಾ ಮತ್ತು ಬನ್ನು. ಹದಿನೆಂಟು ಮಕ್ಕಳಿಗೆ ವಾರಕ್ಕೆ ಸಾವಿರದ ಇನ್ನೂರು, ಮುನ್ನೂರು ಆಗುತ್ತಿತ್ತು. ಮೊದಲ ಮೂರು ತಿಂಗಳು ನನ್ನ ಕೈಯಿಂದಲೇ. "ಮುದ್ದು ಮಾಡಿ ಕೆಡಿಸುತ್ತೀರಿ, ಸಿಲಬಸ್ ಮುಗಿಯುವುದಿಲ್ಲ" ಎಂದರು ಹಿರಿಯ ಸಹೋದ್ಯೋಗಿ. ಎರಡು ವಾರ ಯಾರೂ ಬಾಯಿ ಬಿಡಲಿಲ್ಲ. ತಪ್ಪು ನನ್ನದೇ, ನೋಟ್‌ಬುಕ್ ಹಿಡಿದು ಕುಳಿತಿದ್ದೆ. ಅದನ್ನು ಮುಚ್ಚಿ, ನನ್ನ ಮೊದಲ ರೋಗಿ ತೀರಿಕೊಂಡ ರಾತ್ರಿ ಲಿನನ್ ಕೋಣೆಯಲ್ಲಿ ಅತ್ತಿದ್ದನ್ನು ಹೇಳಿದೆ. ಅಂದು ಇಪ್ಪತ್ತು ನಿಮಿಷ ಒಂದು ಗಂಟೆಯಾಯಿತು.

ಮಾತು ಆರಂಭಿಸಲು ನಾನು ಕೇಳುವ ಮೊದಲ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ಮಕ್ಕಳು ಓದಿದರೆ ಉತ್ತರ ಸಿದ್ಧಪಡಿಸಿಕೊಂಡೇ ಬರುತ್ತಾರೆ. ಬರವಣಿಗೆಯನ್ನೂ ಇಳಿಸಿದೆ: ಲಾಗ್‌ಬುಕ್‌ಗೆ ಬೇಕಾದಷ್ಟು ಮಾತ್ರ ಕೇರ್ ಪ್ಲಾನ್, ಉಳಿದದ್ದು ಹಾಸಿಗೆಯ ಪಕ್ಕ ನಿಂತು ಬಾಯಿಮಾತಿನಲ್ಲಿ. ಕಾಪಿ ಹೊಡೆಯುವುದು ತಾನಾಗಿ ನಿಂತಿತು.

ಇನ್ನೊಂದು ಸಣ್ಣ ಪ್ರಯೋಗ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆ ನೋಟಿಸ್ ಬೋರ್ಡಿನಲ್ಲಿತ್ತು. ಎಲ್ಲರೆದುರು ನಿಂತು ಅದನ್ನು ಬರೆದುಕೊಳ್ಳುವವರು ಯಾರು? ಹಾಸ್ಟೆಲ್ ಸ್ನಾನದ ಮನೆಯ ಬಾಗಿಲುಗಳ ಒಳಬದಿಗೆ ಅಂಟಿಸಿದೆ. ಇಬ್ಬರು ತಾವಾಗಿಯೇ ಬಂದು, ಕರೆ ಮಾಡಿದ್ದೆವು ಎಂದರು. ಸಾಯುವ ಮಾತು ಕಿವಿಗೆ ಬಿದ್ದರೆ ಮಾತ್ರ ನಾನು ಚಹಾವನ್ನು ನಂಬುವುದಿಲ್ಲ. ಆ ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ಮನೋವೈದ್ಯರ ಬಳಿ ಕರೆದೊಯ್ಯುತ್ತೇನೆ.

ತಿಂಗಳಿಗೆ ಹದಿಮೂರು ಹದಿನಾಲ್ಕು ಬರುತ್ತಿದ್ದ ರಜೆ ಅರ್ಜಿಗಳು ನಾಲ್ಕೈದಕ್ಕೆ ಇಳಿದವು. ಆ ಬ್ಯಾಚಿನಲ್ಲಿ ಶೇ. 80ರ ಹಾಜರಾತಿ ತಪ್ಪಿದವರು ಒಬ್ಬರೂ ಇಲ್ಲ, ಸಿಲಬಸ್ ಸಹ ಮುಗಿಯಿತು. ಆ ಹಿರಿಯ ಸಹೋದ್ಯೋಗಿ ಈಗ ಸರ್ಜಿಕಲ್ ವಾರ್ಡಿನಲ್ಲಿ ಇದನ್ನೇ ನಡೆಸುತ್ತಿದ್ದಾರೆ.

ರಾತ್ರಿ ಪಾಳಿಯವರದು ಇನ್ನೂ ಕೂಡಿಬಂದಿಲ್ಲ. ಬೆಳಿಗ್ಗೆ ಎಂಟಕ್ಕೆ ಅವರಿಗೆ ಮಾತು ಬೇಡ, ಮಲಗಬೇಕು. ಕೂರಿಸುವುದನ್ನು ಸಂಜೆಗೆ ಸರಿಸಿ ನೋಡುತ್ತಿದ್ದೇನೆ.