ಡಬ್ಬದ ಮೇಲಿನ 50x ನೋಡಿ ಮರುಳಾಗಬೇಡಿ: ಕೈಗೆಟುಕುವ ಟಾರ್ಗೆಟ್ ಸ್ಕೋಪ್ ಆರಿಸುವುದು ಹೀಗೆ

ರೈಫಲ್ ಸ್ಕೋಪಿನ ಡಬ್ಬದ ಮೇಲೆ ‘10-50x60’ ಎಂದಿದ್ದರೆ ಅರ್ಥ ಇಷ್ಟೇ: ಗುರಿಯನ್ನು 10ರಿಂದ 50 ಪಟ್ಟು ಹತ್ತಿರಕ್ಕೆ ತಂದು ತೋರಿಸುತ್ತದೆ, ಮುಂದಿನ ಲೆನ್ಸು 60 ಮಿ.ಮೀ. ಅಗಲ. ಇಂಥದ್ದೊಂದು ಅಗ್ಗಕ್ಕೂ ಸಿಗುತ್ತದೆ. ಪಕ್ಕದಲ್ಲೇ ಬರೀ 20 ಪಟ್ಟಿನ ಸ್ಕೋಪಿಗೆ ಅದರ ಮೂರರಷ್ಟು ಬೆಲೆ ಇರುತ್ತದೆ. ವಿಚಿತ್ರ ಅಲ್ವಾ? ದೊಡ್ಡದು ಮಾಡಿ ತೋರಿಸುವುದು ಕಷ್ಟದ ಕೆಲಸವೇ ಅಲ್ಲ. ದೊಡ್ಡದಾದ ಮೇಲೂ ಚಿತ್ರ ಚೊಕ್ಕವಾಗಿರಬೇಕು, ಗುಂಡಿ ತಿರುಗಿಸಿದಷ್ಟೇ ಕ್ರಾಸ್‌ಹೇರ್ (ಗುರಿ ಹಿಡಿಯಲು ಸ್ಕೋಪಿನೊಳಗೆ ಕಾಣುವ ಅಡ್ಡ-ಉದ್ದ ಗೆರೆ) ಸರಿಯಬೇಕು. ದುಡ್ಡು ಹೋಗುವುದು ಇವೆರಡಕ್ಕೆ.

ಮೊದಲು ಯಾವ ಸ್ಪರ್ಧೆ ಅಂತ ನೋಡಿ

ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್, 50 ಮೀಟರ್ ರೈಫಲ್ ಎರಡರಲ್ಲೂ ದೂರದರ್ಶಕ ಸ್ಕೋಪಿಗೆ ಜಾಗವಿಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಸಣ್ಣ ತೂತಿನ ಪೀಪ್ ಸೈಟಿನಲ್ಲಿ. ಮಗಳು ಆ ದಾರಿಯಲ್ಲಿದ್ದರೆ ಸ್ಕೋಪಿನ ಖರ್ಚೇ ಬೇಡ.

ಸ್ಕೋಪೇ ಮುಖ್ಯವಾಗಿರುವ ಆಟಗಳಲ್ಲಿ ಕೆನಡಾದಲ್ಲಿ ಹುಟ್ಟಿದ ಎಫ್-ಕ್ಲಾಸ್ ಒಂದು. ಜಾರ್ಜ್ ಫಾರ್ಕ್ವಾರ್ಸನ್ ಎಂಬ ಶೂಟರ್ ಶುರು ಮಾಡಿದ್ದು, ಹೆಸರಿನ ‘ಎಫ್’ ಅವರದೇ. ಹೊಟ್ಟೆಯ ಮೇಲೆ ಮಲಗಿ, ರೈಫಲ್ಲನ್ನು ಬೈಪಾಡ್ (ಎರಡು ಕಾಲಿನ ಊರೆ) ಅಥವಾ ಮರಳುಚೀಲದ ಮೇಲಿಟ್ಟು ದೂರದ ಗುರಿಗೆ ಹೊಡೆಯುತ್ತಾರೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾದಲ್ಲಿ ನೆಲೆಸಿ ಕ್ಲಬ್ ಸೇರಿದ ಕನ್ನಡಿಗರಿಗೂ ಇದು ಸಿಗುವ ಆಟ. ಅದನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ.

ಎಷ್ಟು ಪಟ್ಟು ಸಾಕು?

ದೂರವನ್ನು ಪಟ್ಟಿನಿಂದ ಭಾಗಿಸಿ. 600 ಗಜ ಅಂದರೆ ಸುಮಾರು 549 ಮೀಟರ್. 20 ಪಟ್ಟಿನಲ್ಲಿ ಗುರಿ 27 ಮೀಟರಿನಲ್ಲಿ ನಿಂತಂತೆ, 32 ಪಟ್ಟಿನಲ್ಲಿ 17 ಮೀಟರಿನಲ್ಲಿ ನಿಂತಂತೆ ಕಾಣುತ್ತದೆ. ಅಲ್ಲಿ ಎಫ್-ಕ್ಲಾಸ್ ಗುರಿಯ 10 ಅಂಕದ ವೃತ್ತ ಸುಮಾರು 6 ಇಂಚು, ಒಳಗಿನ ಎಕ್ಸ್ ವೃತ್ತ 3 ಇಂಚು. ಒಳ್ಳೆ ಗಾಜಿದ್ದರೆ 20 ಪಟ್ಟಿನಲ್ಲೂ ಕಾಣುತ್ತದೆ, 25-32 ಆರಾಮ.

ಗುಂಡು ಬಿದ್ದ ತೂತು ಕಾಣಬೇಡವಾ ಎಂದು ಕೇಳಬಹುದು. ಬೇಕಿಲ್ಲ. ಕಾಗದದ ಗುರಿಯಿರುವ ಕಡೆ, ಪ್ರತಿ ಹೊಡೆತದ ನಂತರ ಗುರಿಯ ಬುಡದ ಹಳ್ಳದಲ್ಲಿ ಕೂತವರು ಅದನ್ನು ಕೆಳಗೆಳೆದು, ಗುಂಡು ಬಿದ್ದ ಜಾಗಕ್ಕೆ ಎದ್ದು ಕಾಣುವ ಬಿಲ್ಲೆ ಸಿಕ್ಕಿಸಿ ಮತ್ತೆ ಮೇಲೆತ್ತುತ್ತಾರೆ. ‘ತೂತು ಕಾಣಬೇಕು, 50 ಪಟ್ಟು ಕೊಡಿ’ ಅನ್ನುವವರು ಇದನ್ನೇ ಮರೆಯುತ್ತಾರೆ.

ಇನ್ನೊಂದು ಲೆಕ್ಕ ಬೆಳಕಿನದು. ಲೆನ್ಸಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 50 ಮಿ.ಮೀ. ಲೆನ್ಸು, 25 ಪಟ್ಟು: 2 ಮಿ.ಮೀ. ಅದೇ ಲೆನ್ಸಿಗೆ 50 ಪಟ್ಟು ಇಟ್ಟರೆ 1 ಮಿ.ಮೀ. ಚಿತ್ರ ಮಂಕಾಗುತ್ತದೆ, ತಲೆ ಚೂರು ಅಲುಗಿದರೂ ಕಪ್ಪು ನೆರಳು ಅಡ್ಡ ಬರುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ನೆಲದ ಮೇಲೆ ಬಿಸಿಲ್ಗುದುರೆ ಓಡತೊಡಗಿದರೆ ಅದೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ. ವೃತ್ತಗಳು ನೀರಿನಲ್ಲಿ ಮುಳುಗಿದಂತೆ ಕುಣಿಯುತ್ತವೆ. ಆಗ 40 ಪಟ್ಟು ಕೊಂಡವರೂ ಇಳಿಸಿಕೊಂಡು 20ರ ಆಸುಪಾಸಿಗೆ ಬರುತ್ತಾರೆ.

ಅಂಗಡಿಯಲ್ಲಿ ಏನು ನೋಡಬೇಕು

ಅಂಗಡಿಯ ದೀಪದ ಬೆಳಕಿನಲ್ಲಿ ಎಲ್ಲ ಸ್ಕೋಪೂ ಚೆನ್ನಾಗೇ ಕಾಣುತ್ತದೆ. ರೈಫಲ್ಲಿಗೆ ಕೂರಿಸದ ಬಿಡಿ ಸ್ಕೋಪನ್ನು ಬಾಗಿಲ ಹತ್ತಿರ ಒಯ್ದು, ಯಾವುದಕ್ಕಾದರೂ ಒರಗಿಸಿಟ್ಟು, ದೂರದ ನಾಮಫಲಕದ ಸಣ್ಣ ಅಕ್ಷರ ಓದಿ. ಮೊದಲು ಕಡಿಮೆ ಪಟ್ಟಿನಲ್ಲಿ, ಆಮೇಲೆ ಪೂರ್ತಿ ಏರಿಸಿ. ಪೂರ್ತಿ ಏರಿಸಿದಾಗ ಅಕ್ಷರದ ಅಂಚಿನಲ್ಲಿ ನೇರಳೆ ಬಣ್ಣ ಒಸರುತ್ತಿದ್ದರೆ, ಏನು ಮಾಡಿದರೂ ಫೋಕಸ್ ಕೂರದಿದ್ದರೆ, ಕೊನೆಯ ಆ ಪಟ್ಟುಗಳು ಸುಮ್ನೆ ಡಬ್ಬಕ್ಕೆ ಮಾತ್ರ.

ಪ್ಯಾರಲಾಕ್ಸ್ (ತಲೆ ಅಲುಗಿದಾಗ ಕ್ರಾಸ್‌ಹೇರ್ ಗುರಿಯ ಮೇಲೆ ಸರಿದಂತೆ ಕಾಣುವುದು) ಹೊಂದಿಸುವ ಗುಂಡಿ ಇರಲೇಬೇಕು. ಅದು ಪಕ್ಕದಲ್ಲಿದ್ದರೂ ಸರಿ, ಮುಂದಿನ ಲೆನ್ಸಿನ ಸುತ್ತ ಇದ್ದರೂ ಸರಿ. ಮುಂದೆ ಇರುವಂಥದ್ದು ಸಾಮಾನ್ಯವಾಗಿ ಅಗ್ಗ, ಕೆಲಸ ಒಂದೇ. ಸ್ಕೋಪನ್ನು ಮುಟ್ಟದೆ ತಲೆಯನ್ನಷ್ಟೇ ಮೇಲೆ ಕೆಳಗೆ ಆಡಿಸಿ. ಕ್ರಾಸ್‌ಹೇರ್ ಗುರಿಯ ಮೇಲೆ ತೇಲಿದರೆ ಗುಂಡಿ ಇನ್ನೂ ಸರಿ ಕೂತಿಲ್ಲ ಎಂದರ್ಥ. ಎಷ್ಟು ತಿರುಗಿಸಿದರೂ ತೇಲುವುದು ನಿಲ್ಲದಿದ್ದರೆ ವಾಪಸ್ ಕೊಡಿ.

ಕ್ರಾಸ್‌ಹೇರ್ ಗೆರೆಯೂ ಮುಖ್ಯ. ಫಸ್ಟ್ ಫೋಕಲ್ ಪ್ಲೇನ್ ಸ್ಕೋಪಿನಲ್ಲಿ ಪಟ್ಟು ಏರಿಸಿದಂತೆ ಗೆರೆಯೂ ದಪ್ಪವಾಗುತ್ತದೆ. ಸೆಕೆಂಡ್ ಫೋಕಲ್ ಪ್ಲೇನಿನಲ್ಲಿ ತೆಳ್ಳಗೇ ಉಳಿಯುತ್ತದೆ. ಗುರಿಯ ದೂರ ಮೊದಲೇ ಗೊತ್ತಿರುವ ಈ ಆಟಕ್ಕೆ ಎರಡನೆಯದೇ ಸಾಕು, ಹೆಚ್ಚಾಗಿ ಬೆಲೆಯೂ ಕಡಿಮೆ.

ಗುಂಡಿ ನಿಜ ಹೇಳುತ್ತದಾ?

ನನ್ನ ಮಟ್ಟಿಗೆ ಇದೇ ದೊಡ್ಡ ಪರೀಕ್ಷೆ. ಟರೆಟ್ ಎಂಬ ಗುಂಡಿಯ ಅಳತೆ ಎಂಒಎ, ಅಂದರೆ ಒಂದು ಡಿಗ್ರಿಯ 60ರಲ್ಲೊಂದು ಪಾಲು. 100 ಮೀಟರಿನಲ್ಲಿ ಅದು ಸುಮಾರು 29 ಮಿ.ಮೀ. ಕಾಲು ಎಂಒಎ ಕ್ಲಿಕ್ ಇದ್ದರೆ ಪ್ರತಿ ಕ್ಲಿಕ್ಕಿಗೆ 7 ಮಿ.ಮೀ. ಚಿಲ್ಲರೆ, 1/8 ಇದ್ದರೆ 3.6 ಮಿ.ಮೀ. 600 ಗಜದಲ್ಲಿ ಅದೇ 1/8 ಕ್ಲಿಕ್ 20 ಮಿ.ಮೀ. ಆಗುತ್ತದೆ, ಹಾಗಾಗಿ ಟಾರ್ಗೆಟ್ಟಿಗೆ 1/8 ಒಳ್ಳೆಯದು.

ಪರೀಕ್ಷೆಗೆ ಗುಂಡು ಬೇಡ. ಉದ್ದನೆಯ ಹಾಳೆಯ ಮೇಲೆ ತೂಗುಗುಂಡು ಹಿಡಿದು ನೆಟ್ಟಗೆ ಒಂದು ಗೆರೆ ಎಳೆಯಿರಿ. ಮೇಲೊಂದು ದಪ್ಪ ಅಡ್ಡಗೆರೆ, ಸರಿಯಾಗಿ 58.2 ಸೆಂ.ಮೀ. ಕೆಳಗೆ ಇನ್ನೊಂದು. ಹಾಳೆಯನ್ನು ಟೇಪಿನಲ್ಲಿ ಅಳೆದ 100 ಮೀಟರಿನಲ್ಲಿ ಅಂಟಿಸಿ. ಸ್ಕೋಪನ್ನು ಅಲುಗದಂತೆ ವೈಸ್‌ನಲ್ಲಿ ಬಿಗಿದು, ಕ್ರಾಸ್‌ಹೇರನ್ನು ಮೇಲಿನ ಗೆರೆಗೆ ಕೂರಿಸಿ. ಈಗ ‘ಅಪ್’ ಕಡೆಗೆ 20 ಎಂಒಎ ತಿರುಗಿಸಿ, 1/8 ಆದರೆ 160 ಕ್ಲಿಕ್. ಕ್ರಾಸ್‌ಹೇರ್ ನೆಟ್ಟಗೆ ಇಳಿದು ಕೆಳಗಿನ ಗೆರೆಗೆ ಬರಬೇಕು. ವಾಪಸ್ ತಿರುಗಿಸಿದರೆ ಮೊದಲಿನ ಜಾಗಕ್ಕೇ ಬರಬೇಕು. ಪ್ರತಿ ಸಲವೂ ಒಂದೇ ಸಮ ಸ್ವಲ್ಪ ಕಡಿಮೆ ಸರಿದರೆ ಪರವಾಗಿಲ್ಲ, ಲೆಕ್ಕದಲ್ಲಿ ಸೇರಿಸಿಕೊಳ್ಳಬಹುದು. ಒಮ್ಮೆ ಅಲ್ಲಿ ಒಮ್ಮೆ ಇಲ್ಲಿ ನಿಂತರೆ ಅದಕ್ಕೆ ಮದ್ದಿಲ್ಲ.

ಗುಂಡಿ ಒಟ್ಟು ಎಷ್ಟು ಎಂಒಎ ತಿರುಗುತ್ತದೆ ಎಂದೂ ಕೇಳಿ. ಹೆಚ್ಚು ಪಟ್ಟಿನ ಸ್ಕೋಪುಗಳಲ್ಲಿ ಇದು ಕಡಿಮೆ ಇರುವುದುಂಟು. .308 ಇಂಚು ಗುಂಡಿನ ರೈಫಲ್ಲನ್ನು 100 ಗಜಕ್ಕೆ ಹೊಂದಿಸಿ 1000 ಗಜಕ್ಕೆ ಹೋದರೆ ಸುಮಾರು 35ರಿಂದ 40 ಎಂಒಎ ಮೇಲೇರಬೇಕು. ಒಟ್ಟು 50 ಇದ್ದರೆ ಮೇಲಕ್ಕೆ ಸಿಗುವುದು ಹೆಚ್ಚುಕಡಿಮೆ ಅರ್ಧ, ಸಾಲುವುದಿಲ್ಲ. 20 ಎಂಒಎ ಓರೆಯ ರೈಲ್ (ಸ್ಕೋಪ್ ಕೂರಿಸುವ ಪಟ್ಟಿ) ಹಾಕಿದರೆ ಈ ಕೊರತೆ ತುಂಬುತ್ತದೆ, ಸ್ಕೋಪ್ ಬದಲಿಸುವುದಕ್ಕಿಂತ ತುಂಬಾ ಅಗ್ಗ.

ತೂಕ, ಮಾಡೆಲ್, ರಿಂಗು

ಎಫ್-ಕ್ಲಾಸಿನ ಎಫ್‌ಟಿಆರ್ ವಿಭಾಗದಲ್ಲಿ ರೈಫಲ್, ಸ್ಕೋಪ್, ಬೈಪಾಡ್ ಎಲ್ಲ ಸೇರಿ 8.25 ಕೆ.ಜಿ. ಮೀರುವಂತಿಲ್ಲ. ಓಪನ್ ಎಂಬ ಇನ್ನೊಂದು ವಿಭಾಗದಲ್ಲಿ 10 ಕೆ.ಜಿ. ಕಡಿಮೆ ಬೆಲೆಯ ದೊಡ್ಡ ಸ್ಕೋಪು ಒಂದು ಕಿಲೋ ಮುಟ್ಟಿದರೆ ನಳಿಕೆಯ ತೂಕದಲ್ಲಿ ರಾಜಿ ಮಾಡಿಕೊಳ್ಳಬೇಕಾಗುತ್ತದೆ.

ಈ ಆಟದಲ್ಲಿ ಸೈಟ್ರಾನ್ ಎಸ್-3 8-32x56ಗೆ ಹಳೆಯ ಹೆಸರಿದೆ. ಅದಕ್ಕಿಂತ ಕಡಿಮೆಗೆ ಬೇಕಾದವರು ಆಥ್ಲಾನ್ ಆರ್ಗೋಸ್ 6-24x50 ನೋಡುತ್ತಾರೆ, ಆದರೆ ಅದು ಫಸ್ಟ್ ಫೋಕಲ್ ಪ್ಲೇನ್. ನಾನಂತೂ ಪಟ್ಟು ಬದಲಾಗದ ಫಿಕ್ಸೆಡ್ ಸ್ಕೋಪಿನ ಪರ. ವೀವರ್ ಟಿ-36, ಎಸ್‌ಡಬ್ಲ್ಯುಎಫ್‌ಎ 20x42 ಅಂಥವು. ಜೂಮ್ ಇಲ್ಲ ಅಂದರೆ ಒಳಗೆ ಅಲುಗುವ ಭಾಗ ಕಡಿಮೆ, ಅದೇ ದುಡ್ಡಿಗೆ ಗಾಜು ಚೆನ್ನಾಗಿ ಸಿಗುತ್ತದೆ. ಬಿಸಿಲ್ಗುದುರೆಯ ದಿನ ಇಳಿಸಿಕೊಳ್ಳಲು ಆಗುವುದಿಲ್ಲ ಅನ್ನುವುದೊಂದೇ ಕೊರತೆ, ಹಾಗಾಗಿ 20 ಇದ್ದರೆ ಕ್ಷೇಮ. ಬಳಸಿದ ಸ್ಕೋಪ್ ಕೊಳ್ಳುವುದಾದರೆ ವಾರಂಟಿ ಮೊದಲ ಖರೀದಿದಾರರಿಗೆ ಮಾತ್ರವಾ, ಕೈ ಬದಲಾದರೂ ನಡೆಯುತ್ತದಾ ವಿಚಾರಿಸಿ. ವೋರ್ಟೆಕ್ಸ್‌ನದು ಕೈ ಬದಲಾದರೂ ನಡೆಯುತ್ತದೆ.

ಸ್ಕೋಪನ್ನು ರೈಫಲ್ಲಿಗೆ ಹಿಡಿದಿಡುವ ರಿಂಗುಗಳಿಗೂ ಬಜೆಟ್ಟಿನಲ್ಲಿ ಪಾಲಿಡಿ. ಸಡಿಲ ರಿಂಗಿನ ಮೇಲೆ ಎಂಥ ಸ್ಕೋಪೂ ನಿಲ್ಲುವುದಿಲ್ಲ. ಸ್ಕ್ರೂಗಳನ್ನು ಟಾರ್ಕ್ ರೆಂಚ್ ಹಿಡಿದು, ತಯಾರಕರು ಹೇಳಿದಷ್ಟೇ ಬಿಗಿಯಿರಿ.

ನಮ್ಮಲ್ಲಿ ಹೊಡೆತದ ಶಕ್ತಿ 20 ಜೂಲ್ ಮೀರದ, .177 ಇಂಚು ಅಳತೆಯ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಕಿಲ್ಲ, ಅದಕ್ಕೆ ಸ್ಕೋಪ್ ಹುಡುಕುವವರೂ ಜಾಸ್ತಿ. ನಿಮ್ಮದು ಸ್ಪ್ರಿಂಗ್ ರೈಫಲ್ ಆದರೆ ಒಂದು ಎಚ್ಚರ. ಅದು ಹಿಂದಕ್ಕೆ ಒದ್ದು, ಮರುಕ್ಷಣ ಮುಂದಕ್ಕೂ ಒದೆಯುತ್ತದೆ. ಹಿಂದಿನ ಒದೆತಕ್ಕಷ್ಟೇ ಮಾಡಿದ ಸ್ಕೋಪಿನ ಒಳಗೆ ಲೆನ್ಸು ಸಡಿಲವಾಗಿಬಿಡಬಹುದು. ಸ್ಪ್ರಿಂಗ್ ಏರ್‌ಗನ್ನಿಗೆ ತಡೆಯುತ್ತದೆ ಎಂದು ವಾರಂಟಿ ಕಾಗದದಲ್ಲಿ ಬರೆದಿದೆಯೇ ಎಂದು ದುಡ್ಡು ಕೊಡುವ ಮುಂಚೆಯೇ ಓದಿ.