ಮೂಗುದಾರ ಬಿಚ್ಚಿದ ಮೇಲೆ

ಕುಣಿಸಿದ ಕರಡಿಯ ಮೂಗುದಾರ ಬಿಚ್ಚಲು ಬಹಳ ಹೊತ್ತು ಬೇಡ. ವೈದ್ಯರು ಅರಿವಳಿಕೆ ಕೊಟ್ಟು, ಹಗ್ಗ ಕತ್ತರಿಸಿ, ಗಾಯ ತೊಳೆದು ಔಷಧಿ ಹಚ್ಚುತ್ತಾರೆ. ಅದೇ ಕರಡಿ ಇನ್ನೊಂದು ಕರಡಿಯ ಪಕ್ಕದಲ್ಲಿ ಭಯವಿಲ್ಲದೆ ಮಲಗುವಂತಾಗಲು ಎಂಟು ತಿಂಗಳು ಹಿಡಿಯಿತು.

ಭೀಮ ನಮ್ಮ ಪುನರ್ವಸತಿ ಕೇಂದ್ರಕ್ಕೆ ಬಂದದ್ದು 2008ರಲ್ಲಿ. ಕರಡಿ ಆಟ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧವಾಗಿದ್ದರೂ ಆಗಿನ್ನೂ ರಸ್ತೆಗಳಿಂದ ಪೂರ್ತಿ ಮರೆಯಾಗಿರಲಿಲ್ಲ. ಮರಿಯಾಗಿದ್ದಾಗಲೇ ಅವನನ್ನು ತಾಯಿಯಿಂದ ಬೇರ್ಪಡಿಸಿ, ಕಾದ ಕಬ್ಬಿಣದಿಂದ ಮೂತಿ ಚುಚ್ಚಿ ಹಗ್ಗ ಪೋಣಿಸಿದ್ದರು. ಕೋರೆಹಲ್ಲುಗಳನ್ನು ಮುರಿದಿದ್ದರು. ಚಿಕ್ಕವನಿದ್ದಾಗ ಹೆದರಿಕೆ ಹೋಗಲೆಂದು ನನ್ನ ಅಮ್ಮ ನನ್ನನ್ನೂ ಇಂಥದೇ ಒಂದು ಕರಡಿಯ ಬೆನ್ನ ಮೇಲೆ ಕೂರಿಸಿ, ಅದರ ಕೂದಲಿನ ತಾಯತ ಕಟ್ಟಿಸಿದ್ದರು. ಭೀಮನ ಮೂತಿಯ ಗಾಯ ತೊಳೆಯುವಾಗಲೆಲ್ಲ ಅದು ನೆನಪಾಗುತ್ತಿತ್ತು.

ಕಾಡಿನಲ್ಲಿ ಕರಡಿ ಒಂಟಿಯಾಗಿಯೇ ಇರುತ್ತದಲ್ಲ, ಇವಕ್ಕೆ ಜೊತೆ ಏಕೆ ಎಂದು ಹಲವರು ಕೇಳುತ್ತಾರೆ. ಕಾಡಿನಲ್ಲಿ ಇನ್ನೊಂದರ ವಾಸನೆ ಬಂದರೆ ದಾರಿ ಬದಲಿಸಬಹುದು, ಬೇಲಿಯೊಳಗೆ ಆಗುವುದಿಲ್ಲ. ಇಲ್ಲಿ ಇನ್ನೊಬ್ಬರ ಗುರುಗುಟ್ಟುವಿಕೆಯ ಅರ್ಥ ತಿಳಿದಿರಲೇಬೇಕು. ಮರಿ ಅದನ್ನು ತಾಯಿಯ ಬೆನ್ನೇರಿ ತಿರುಗುವ ವಯಸ್ಸಿನಲ್ಲಿ ಕಲಿಯುತ್ತದೆ. ಭೀಮನಿಗೆ ಆ ಪಾಠವೇ ಆಗಿರಲಿಲ್ಲ. ಒಂಟಿ ಕೋಣೆಯಲ್ಲಿ ಅವನು ಗಂಟೆಗಟ್ಟಲೆ ತಲೆ ತೂಗುತ್ತಾ ನಿಂತಿರುತ್ತಿದ್ದ.

ಮೊದಲ ಮೂರು ತಿಂಗಳು ಕ್ವಾರಂಟೈನ್. ರಕ್ತ ಪರೀಕ್ಷೆ, ಕ್ಷಯದ ಪರೀಕ್ಷೆ, ಜಂತುಹುಳದ ಔಷಧಿ. ಮನುಷ್ಯರ ನಡುವೆಯೇ ಬೆಳೆದ ಕರಡಿಗೆ ಕ್ಷಯ ಅಂಟಿರುವ ಸಾಧ್ಯತೆ ಇರುತ್ತದೆ, ಇದರಲ್ಲಿ ಆತುರ ಸಲ್ಲದು. ಆ ದಿನಗಳಲ್ಲೇ ಒಮ್ಮೆ ಉದ್ದನೆಯ ಬಿದಿರಿನ ಹಿಡಿ ಕಟ್ಟಿದ ಪೊರಕೆ ಹಿಡಿದು ಅವನ ಕೋಣೆಯ ಮುಂದೆ ಗುಡಿಸುತ್ತಿದ್ದೆ. ತಲೆ ಎತ್ತಿದರೆ ಭೀಮ ಹಿಂಗಾಲುಗಳ ಮೇಲೆ ನಿಂತು, ಮುಂಗಾಲುಗಳನ್ನು ಎದೆಗೆ ಮಡಚಿ, ಒಂದೊಂದೇ ಹೆಜ್ಜೆ ಎತ್ತಿಡುತ್ತಿದ್ದ. ಕಣ್ಣು ನನ್ನ ಕೈಯಲ್ಲಿದ್ದ ಬಿದಿರಿನ ಮೇಲಿತ್ತು. ಪೊರಕೆಯನ್ನು ಹಿಂದೆ ಅಡಗಿಸಿ ನೆಲಕ್ಕೆ ಕುಳಿತುಬಿಟ್ಟೆ. ಅಂದಿನಿಂದ ಅವನ ಕಣ್ಣೆದುರು ಕೋಲಿನಂಥ ಯಾವ ವಸ್ತುವನ್ನೂ ನಾನು ಹಿಡಿದಿಲ್ಲ. ಅಲ್ಲಿ ನೀರಿನ ಪೈಪಿನಲ್ಲೇ ತೊಳೆಯುತ್ತೇನೆ.

ಜೊತೆಗೆ ಆರಿಸಿದ್ದು ತುಂಗೆಯನ್ನು. ವಯಸ್ಸಾದ, ಸಮಾಧಾನದ ಹೆಣ್ಣು ಕರಡಿ. ಭೀಮನ ಬೀಜ ಮೊದಲೇ ತೆಗೆಸಿದ್ದರಿಂದ ಮರಿಗಳ ಚಿಂತೆ ಇರಲಿಲ್ಲ. ಕರಡಿಯ ದೃಷ್ಟಿ ಮಂದ, ಮೂಗು ಚುರುಕು. ಹಾಗಾಗಿ ಪರಿಚಯ ಮೂಗಿನಿಂದಲೇ ಶುರುವಾಗಬೇಕು. ತುಂಗೆ ಮಲಗಿದ ಹುಲ್ಲನ್ನು ಅವನ ಕೋಣೆಗೆ, ಅವನದನ್ನು ಅವಳ ಕೋಣೆಗೆ ಹಾಕಿದೆ. ಮೊದಲ ದಿನ ಭೀಮ ಹುಲ್ಲನ್ನು ಮೂಲೆಗೆ ಒದ್ದ. ಒಂಬತ್ತನೆಯ ದಿನ ಅದರ ಮೇಲೆಯೇ ಮಲಗಿದ.

ಆಮೇಲೆ ಇಬ್ಬರನ್ನೂ ಅಕ್ಕಪಕ್ಕದ ಕೋಣೆಗಳಿಗೆ ತಂದೆವು, ನಡುವೆ ಕಬ್ಬಿಣದ ಜಾಲರಿ. ಹಾಲು, ಜೇನು ಬೆರೆಸಿದ ರಾಗಿ ಗಂಜಿಯ ಬೋಗುಣಿಗಳನ್ನು ಮೊದಲು ದೂರದ ಗೋಡೆಗಳ ಬಳಿ ಇಟ್ಟು, ದಿನಕ್ಕೊಂದು ಗೇಣು ಹತ್ತಿರ ಸರಿಸಿದೆ. ಯಾರಾದರೂ ಉಣ್ಣುವುದನ್ನು ಬಿಟ್ಟು ಗುರುಗುಟ್ಟಿದರೆ ಮರುದಿನ ಎರಡು ಗೇಣು ಹಿಂದಕ್ಕೆ. ನೆಮ್ಮದಿಯಲ್ಲಿರುವ ಕರಡಿ ಪಂಜ ಚೀಪುತ್ತಾ ದುಂಬಿಯಂತೆ ಗುಂಯ್‌ಗುಡುತ್ತದೆ. ಒಂದು ರಾತ್ರಿ ಜಾಲರಿಯ ಆ ಬದಿಯಿಂದ ತುಂಗೆಯ ಗುಂಯ್‌ಕಾರ ಕೇಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಕತ್ತಲೆಯಲ್ಲಿ ಎರಡನೆಯ ದನಿಯೂ ಸೇರಿತು. ನಾಲ್ಕು ತಿಂಗಳಲ್ಲಿ ಭೀಮನಿಂದ ನಾನು ಕೇಳಿದ ಮೊದಲ ಗುಂಯ್‌ಕಾರ ಅದು.

ಆ ಖುಷಿಯಲ್ಲಿ ನಾನು ಅವಸರಪಟ್ಟೆ. ಇಬ್ಬರನ್ನೂ ಬಯಲಿಗೆ ಬಿಟ್ಟ ದಿನ ಕಲ್ಲಂಗಡಿಯನ್ನೆಲ್ಲ ಒಂದೇ ಕಡೆ ಸುರಿದಿದ್ದೆ. ಎರಡು ನಿಮಿಷದಲ್ಲಿ ಕಾದಾಟ. ನೀರು ಹಾರಿಸಿ ಬಿಡಿಸುವಷ್ಟರಲ್ಲಿ ತುಂಗೆಯ ಕಿವಿ ಹರಿದಿತ್ತು. ತಪ್ಪು ಪೂರ್ತಿ ನನ್ನದು. ಬೋಗುಣಿ ಹಿಡಿದು ಮತ್ತೆ ಜಾಲರಿಯ ಪಾಠದಿಂದ ಶುರುಮಾಡಿದೆ.

ಎರಡನೆಯ ಸಲ ಬಿಡುವ ಮೊದಲು ಹಣ್ಣನ್ನು ಹನ್ನೆರಡು ಕಡೆ ಚೆಲ್ಲಿದೆ. ಮರದ ದಿಮ್ಮಿಗಳ ತೂತುಗಳಿಗೆ ಜೇನು ಸವರಿದೆ. ಸಿಕ್ಕಿಬೀಳುವಂಥ ಮೂಲೆಗಳನ್ನು ಕಲ್ಲು ಪೇರಿಸಿ ಮುಚ್ಚಿ, ಕೋಣೆಗಳ ಎರಡೂ ಬಾಗಿಲು ತೆರೆದಿಟ್ಟೆ. ಹೆದರಿದವನಿಗೆ ಓಡಲು ದಾರಿ ಇದ್ದರೆ ಅವನು ಕಚ್ಚುವುದು ಕಡಿಮೆ. ಅಂದು ಅರ್ಧ ಗಂಟೆ, ಮರುದಿನ ಮುಕ್ಕಾಲು ಗಂಟೆ.

ಮೊದಲ ಮಳೆಯ ಮರುದಿನ ತುಂಗೆ ಬೇಲಿಯ ಬಳಿಯ ಗೆದ್ದಲು ಹುತ್ತವನ್ನು ಅಗೆಯತೊಡಗಿದಳು. ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲ. ಆ ಸಂದಿಯಿಂದ ಉಫ್ ಎಂದು ಮಣ್ಣು ಊದಿ, ಸೊರ್ರನೆ ಗೆದ್ದಲು ಹೀರುತ್ತದೆ. ಭೀಮ ನಾಲ್ಕು ಮಾರು ದೂರದಲ್ಲಿ ಕುಳಿತು ನೋಡುತ್ತಿದ್ದ. ತುಂಗೆ ಬದಿಗೆ ಸರಿದ ಮೇಲೆ ಎದ್ದು ಹೋಗಿ, ಗಾಯದ ಗುರುತಿನ ಮೂತಿಯನ್ನು ತೂತಿಗೆ ತುರುಕಿ ಊದಿದ. ಮಣ್ಣೆಲ್ಲ ಅವನ ಮುಖಕ್ಕೇ ಹಾರಿತು. ಸೀನಿ, ತಲೆ ಕೊಡವಿ, ಮತ್ತೆ ಮೂತಿ ಇಟ್ಟ. ಈ ಸಲ ನನಗೆ ಸೊರ್ರೆಂಬ ಸದ್ದು ಕೇಳಿಸಿತು.